ಹನಿ ಬೀಳುವ ಹೊತ್ತು

ವಿಶಾಖಪಟ್ಟಣ, ಲಾಸನ್ಸ್ ಬೇ. ಬೆಳಗಿನ 5:20. ರಾತ್ರಿ ಜೀಪಿನಡಿ ಹಾಸಿದ್ದ ರಟ್ಟನ್ನು ಎಳೆದು ನೋಡಿದೆ. ಎಡ ಮೂಲೆಯಲ್ಲಿ ರೂಪಾಯಿ ನಾಣ್ಯದಗಲ ಹಸಿರು ಕಲೆ. ಬೆರಳಿಗೆ ಜಾರುತ್ತದೆ, ಸಿಹಿ ವಾಸನೆ. ಎ.ಸಿ. ನೀರಿಗಾದರೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಡೀಸೆಲ್ಲಾಗಿದ್ದರೆ ಮೂಗು ಮೊದಲೇ ಹೇಳುತ್ತಿತ್ತು. ಇದು ಕೂಲೆಂಟ್.

ಬೀದಿ ನಾಯಿಯೊಂದು ಮೂಸುತ್ತ ಹತ್ತಿರ ಬಂತು. ಅದನ್ನು ಅಟ್ಟಿ, ರಟ್ಟನ್ನು ಮಡಚಿ ಚೀಲಕ್ಕೆ ಕಟ್ಟಿದೆ. ನೆಲಕ್ಕೆ ದಾಟಿದ್ದರ ಮೇಲೆ ಮರಳು ಹಾಕಿ ಬಳಿದೆ. ಕೂಲೆಂಟಿನೊಳಗಿನ ಎಥಿಲೀನ್ ಗ್ಲೈಕಾಲ್ ಸಿಹಿ, ವಿಷವೂ ಹೌದು. ಸ್ವಲ್ಪ ನೆಕ್ಕಿದರೂ ನಾಯಿಯ ಮೂತ್ರಪಿಂಡ ಕೆಟ್ಟು ಹೋಗಬಹುದು. ಎಂಜಿನ್ನಿನ ಚಿಂತೆಗಿಂತ ಮುಂಚೆ ನನ್ನನ್ನು ಹಿಡಿದದ್ದು ಈ ಚಿಂತೆ.

2,80,000 ಕಿ.ಮೀ. ಓಡಿದ ಡೀಸೆಲ್ ಫೋರ್ ವೀಲ್ ಡ್ರೈವ್ ಗಾಡಿ. ಕಡಲಿನ ಉಪ್ಪುಗಾಳಿಗೆ ರೇಡಿಯೇಟರಿನ ತೆಳು ರೆಕ್ಕೆಗಳು ಅಲ್ಲಲ್ಲಿ ಪುಡಿಯಾಗಿವೆ. ಹಾಗೆಂದು ಅದರ ಮೇಲೇ ಗುಮಾನಿ ಪಡಬಾರದು. ಹನಿ ಬಿದ್ದ ಜಾಗ ಹನಿಯ ಹುಟ್ಟೂರಲ್ಲ. ಫ್ಯಾನಿನ ಗಾಳಿ ಅದನ್ನು ಹಿಂದಕ್ಕೆ ಒಯ್ಯುತ್ತದೆ, ಚಾಸಿಯ ಗುಂಟ ಅದು ಮೊಳಗಟ್ಟಲೆ ಹರಿದು ಎಲ್ಲೋ ತೊಟ್ಟಿಕ್ಕುತ್ತದೆ.

ಮೂರನೆಯ ಬೆಳಗ್ಗೆ ಟಾರ್ಚ್ ಹಿಡಿದು ಅಂಗಾತ ಮಲಗಿದೆ. ಕೆಳಗಿನ ಹೋಸ್ ಪೈಪಿನ ಕ್ಲಿಪ್ಪಿನ ಅಂಚಿನಲ್ಲಿ ಒಂದು ಮಿನುಗು. ತುಂಬಿ ಉದುರಲು ನಾಲ್ಕು ನಿಮಿಷ ಬೇಕಾಯಿತು. ಎಂಜಿನ್ ಚಾಲೂ ಮಾಡಿ ಕಾಯಿಸಿದೆ. ಹನಿ ನಿಂತೇ ಹೋಯಿತು. ತಣ್ಣಗಿರುವಾಗ ಕುಗ್ಗಿ ಸಡಿಲಾಗುವ ಹಳೆಯ ರಬ್ಬರು ಬಿಸಿಯಾದಾಗ ಹಿಗ್ಗಿ ಕಚ್ಚಿಕೊಳ್ಳುತ್ತದೆ. ನಡುಮಧ್ಯಾಹ್ನ ಗಾಡಿ ಒಯ್ದು ತೋರಿಸಿದರೆ ಯಾವ ಗ್ಯಾರೇಜಿನವನ ಕಣ್ಣಿಗೂ ಇದು ಬೀಳದು. ಇರುಳು ಹಕ್ಕಿ ನತ್ತಿಂಗವನ್ನು ಹಗಲಲ್ಲಿ ಹುಡುಕಿದ ಹಾಗೆ.

ಕ್ಲಿಪ್ ಬಿಗಿದೆ. ರಟ್ಟು ಒಣಗಿತು. ಆದರೂ ಕೂಲೆಂಟ್ ಟ್ಯಾಂಕಿನ ಮಟ್ಟ ಇಳಿಯುತ್ತಲೇ ಇತ್ತು. ಹಾಗಾದರೆ ಇನ್ನೊಂದು ಸೋರಿಕೆ ಇದೆ, ಅದು ಬಿಸಿಯಲ್ಲೇ ಹೊರಬರುವ ಜಾತಿ.

ಅನಂತಗಿರಿ ಘಾಟಿ ಹತ್ತುವಾಗ ಅದರ ಸುಳಿವು ಸಿಕ್ಕಿತು. ಗಾಳಿಕೊಂಡದ ಹತ್ತಿರ ನಿಂತಾಗ ಬಾನೆಟ್ಟಿನ ಸಂದಿಯಿಂದ ಅದೇ ಸಿಹಿ ವಾಸನೆ. ನೆಲದ ಮೇಲೆ ಹನಿಯಿಲ್ಲ. ಸುಡುವ ಲೋಹಕ್ಕೆ ತಾಗಿದ್ದು ಅಲ್ಲೇ ಆವಿಯಾಗಿರಬೇಕು. ಹೆಡ್ ಗ್ಯಾಸ್ಕೆಟ್ ಹೋಗಿರಬಹುದೇ ಎಂಬ ಭಯ ನನಗಿತ್ತು. ಆದರೆ ಆಯಿಲ್ ಕಡ್ಡಿಯ ಮೇಲೆ ಹಾಲಿನಂಥ ನೊರೆಯಿರಲಿಲ್ಲ, ಟ್ಯಾಂಕಿನಲ್ಲಿ ಗುಳ್ಳೆಗಳೇಳಲಿಲ್ಲ, ಹೊಗೆಯೂ ಬೆಳ್ಳಗಿರಲಿಲ್ಲ.

ಕೆಲಸದ ಮೇಲೆ ವಿಜಯವಾಡಕ್ಕೆ ಹೋಗಬೇಕಿತ್ತು, ಸುಮಾರು 350 ಕಿ.ಮೀ. ತುನಿ ದಾಟಿದ ಮೇಲೆ ಎಂಜಿನ್ ಬಿಸಿ ತೋರಿಸುವ ಮುಳ್ಳು ಮೇಲೇರಿತು. ನಿಲ್ಲಿಸಿ ಮುಕ್ಕಾಲು ಗಂಟೆ ಗದ್ದೆಯ ಬೆಳ್ಳಕ್ಕಿಗಳನ್ನು ನೋಡುತ್ತ ಕುಳಿತೆ. ಎಂಜಿನ್ ಬಿಸಿಯಿರುವಾಗ ರೇಡಿಯೇಟರಿನ ಮುಚ್ಚಳ ತೆರೆಯಬಾರದು. ಅರ್ಧ ನೀರು, ಅರ್ಧ ಗ್ಲೈಕಾಲ್ ಬೆರೆಸಿದ್ದು ಬಿಗಿದ ಮುಚ್ಚಳದ ಒತ್ತಡದಲ್ಲಿ 120 ಡಿಗ್ರಿ ಸೆಲ್ಸಿಯಸ್‌ನಲ್ಲೂ ಕುದಿಯದೆ ತಡೆದುಕೊಂಡಿರುತ್ತದೆ. ಮುಚ್ಚಳ ಸಡಿಲಾದ ಕ್ಷಣ ಉಕ್ಕಿ ಮುಖಕ್ಕೆ ಎರಚುತ್ತದೆ.

ವಿಜಯವಾಡದ ಆಟೋನಗರ್. ಲಾರಿ ಬಾಡಿ ಕಟ್ಟುವವರ ಸುತ್ತಿಗೆ ಸದ್ದಿನ ನಡುವೆ ಒಬ್ಬ ಹಿರಿಯ ಮೇಸ್ತ್ರಿ. "ಬಂಡಿ ಆರಲಿ ಸಾರ್, ಆಮೇಲೆ ಮುಟ್ಟೋಣ" ಎಂದರು. ಅವರ ಮೇಲೆ ಆಗಲೇ ನಂಬಿಕೆ ಹುಟ್ಟಿತು. ಆರಿದ ಮೇಲೆ ಮುಚ್ಚಳದ ಜಾಗಕ್ಕೆ ಕೈಪಂಪು ಕೂರಿಸಿ ಸುಮಾರು 1 ಬಾರ್ ಒತ್ತಡ ಕೊಟ್ಟರು. ಹತ್ತು ನಿಮಿಷ ಇಬ್ಬರೂ ಪಂಪಿನ ಮುಳ್ಳನ್ನೇ ನೋಡಿದೆವು. ಅದು ಮೆಲ್ಲಗೆ ಇಳಿಯಿತು. ಪುಟ್ಟ ಕನ್ನಡಿ ಒಳಗೆ ತೂರಿಸಿದಾಗ ಕಂಡಿತು: ವಾಟರ್ ಬಾಡಿಯ, ಅಂದರೆ ವಾಟರ್ ಪಂಪಿನ, ಹೊಟ್ಟೆಯ ಸಣ್ಣ ತೂತಿನಿಂದ ಕೆಳಕ್ಕೆ ಬಿಳಿ-ಹಸಿರು ಕರೆ, ಗೂಬೆ ಕೂರುವ ಪೊಟರೆಯ ಕೆಳಗಿನ ಹಿಕ್ಕೆಯ ಹಾಗೆ.

ಆ ತೂತು ಬೇಕೆಂದೇ ಇಟ್ಟದ್ದು. ಒಳಗಿನ ಸೀಲು ಸವೆದಾಗ ಕೂಲೆಂಟ್ ಬೇರಿಂಗಿಗೆ ನುಗ್ಗದೆ ಹೊರಬಂದು ತಿಳಿಸಲೆಂದು. ಇಂಥದ್ದನ್ನು ಅಂಟು ಮೆತ್ತಿ ಮುಚ್ಚುವವರಿದ್ದಾರೆ. ರೇಡಿಯೇಟರಿಗೆ ಅರಿಸಿನ ಪುಡಿ ಸುರಿಯುವ ಹಳೆಯ ಡ್ರೈವರುಗಳ ಉಪಾಯವನ್ನು ಮೇಸ್ತ್ರಿಯೂ ನೆನೆದರು. ನಡುದಾರಿಯಲ್ಲಿ ಊರು ಮುಟ್ಟಿಸಲು ಅದು ಆದೀತು. ಮನೆಗೆ ಬಂದ ಮೇಲೂ ಹಾಗೇ ಬಿಟ್ಟರೆ ಸಪೂರ ನಾಳಗಳಲ್ಲಿ ಕೂತು ಒಳಗಿನಿಂದ ಕಟ್ಟುತ್ತದೆ. ನಾನು ಒಪ್ಪುವುದಿಲ್ಲ.

ಕಳಚಿದ ಪಂಪಿನ ಶಾಫ್ಟು ಬೆರಳಿಗೆ ಅಲ್ಲಾಡಿತು. ಹೊಸ ಪಂಪು, ಗ್ಯಾಸ್ಕೆಟ್, ಎರಡೂ ಹೋಸು, ಥರ್ಮೋಸ್ಟಾಟ್. ಬೋರಿನ ನೀರು ಬೇಡ, ಸುಣ್ಣ ಕಟ್ಟುತ್ತದೆ. ಡಿಸ್ಟಿಲ್ಡ್ ನೀರೇ ಬೆರೆಸಿದರು. ಹೀಟರ್ ತೆರೆದಿಟ್ಟು, ಗಾಳಿ ಹೊರಡಲೆಂದು ಅರ್ಧ ಗಂಟೆ ಎಂಜಿನ್ ಓಡಿಸಿದರು.

ಮತ್ತೆ ಲಾಸನ್ಸ್ ಬೇ, 5:20. ರಟ್ಟು ಒಣಗಿದೆ. ಟ್ಯಾಂಕಿನ ಮಟ್ಟ ಮಾತ್ರ ನಾನು ಎಳೆದಿಟ್ಟಿದ್ದ ಪೆನ್ಸಿಲ್ ಗೀಟಿಗಿಂತ ಅರ್ಧ ಬೆರಳು ಕೆಳಗಿದೆ. ಉಳಿದಿದ್ದ ಗಾಳಿ ಹೊರಟು ಇಳಿದದ್ದಾದರೆ ನಾಳೆ ಮಟ್ಟ ಇಲ್ಲೇ ನಿಲ್ಲಬೇಕು. ಹೊಸ ಗೀಟು ಎಳೆದು, ಬೇರೆ ರಟ್ಟು ಹಾಸಿದೆ.