ಲೋಹಪುರಿಯ ಕಾಲ್ಚೆಂಡಿನ ಸಂಘಗಳು

ಇಂಗ್ಲೆಂಡಿನ ಈಶಾನ್ಯದಲ್ಲಿರುವ ಮಿಡಲ್ಸ್‌ಬರೋ ಪಟ್ಟಣವು, ೧೮೫೦ರಲ್ಲಿ ಸಮೀಪದ ಎಸ್ಟನ್ ಬೆಟ್ಟಗಳಲ್ಲಿ ಕಬ್ಬಿಣದ ಅದುರು ದೊರೆತುದರಿಂದ, ಕುಲುಮೆಗಳ ನೆಲೆಯಾಗಿ ಬೆಳೆಯಿತು. ಅಲ್ಲಿ ೧೮೭೬ರಲ್ಲಿ ಕಾಲ್ಚೆಂಡಿನ ಸಂಘವೊಂದು ಸ್ಥಾಪಿತವಾಯಿತು. ಆಟಗಾರರಿಗೆ ವೇತನ ಕೊಡುವುದು ಆಂಗ್ಲರ ಕಾಲ್ಚೆಂಡಿನ ಮಂಡಲಿಯಿಂದ ೧೮೮೫ರಲ್ಲಿ ಅಂಗೀಕೃತವಾಯಿತು. ದಿನಗೂಲಿಯವನು ಆಟಕ್ಕಾಗಿ ಕೆಲಸ ಬಿಟ್ಟರೆ ಕೂಲಿಗೆ ಎರವಾಗುತ್ತಿದ್ದನು. ಆದುದರಿಂದ ಇದು ಅನ್ನದ ಪ್ರಶ್ನೆಯಾಗಿದ್ದಿತು. ಈ ವಿಷಯದಲ್ಲಿ ಭಿನ್ನಾಭಿಪ್ರಾಯವುಂಟಾಗಿ, ವೇತನಪಕ್ಷದವರು ೧೮೮೯ರಲ್ಲಿ ‘ಐರನೋಪೊಲಿಸ್’ ಎಂಬ ಬೇರೆ ಸಂಘವನ್ನು ಕಟ್ಟಿದರು. ‘ಐರನ್’ ಎಂದರೆ ಕಬ್ಬಿಣ. ಗ್ರೀಕರ ‘ಪೊಲಿಸ್’ ಶಬ್ದವು ಸಂಸ್ಕೃತದ ‘ಪುರ್’ ಶಬ್ದಕ್ಕೆ ಸಜಾತೀಯವು. ಆದುದರಿಂದ ಹೆಸರಿನ ಅರ್ಥವು ‘ಲೋಹಪುರಿ’. ೧೮೯೧ರಿಂದ ಮೂರು ವರ್ಷ ಉತ್ತರ ಲೀಗಿನಲ್ಲಿ ಅಗ್ರಸ್ಥಾನ ಪಡೆದರೂ ಈ ಸಂಘವು ವೆಚ್ಚವನ್ನು ತಾಳಲಾರದೆ ೧೮೯೪ರಲ್ಲಿ ಅಳಿಯಿತು. ಅವೈತನಿಕರ ಪ್ರಶಸ್ತಿಯನ್ನು ೧೮೯೫ರಲ್ಲಿಯೂ ೧೮೯೮ರಲ್ಲಿಯೂ ಗೆದ್ದ ಹಳೆಯ ಸಂಘವು ೧೮೯೯ರಲ್ಲಿ ವೇತನಪದ್ಧತಿಯನ್ನೇ ಅವಲಂಬಿಸಿತು. ಅಳಿದ ಸಂಘದ ಮತವೇ ಕಡೆಗೆ ನಿಂತಿತೆಂಬುದು ಇದರಿಂದ ಸಿದ್ಧವಾಗುತ್ತದೆ.