ಗುತ್ತಿಯ ಬೆಟ್ಟಕ್ಕೆ ಹೊರಡುವ ಮುನ್ನ

ನಗರವಾಸಿಗಳಾದ ನಮಗೆ ಈಗ ಬೆಟ್ಟ ಬೇರೆಯಲ್ಲ, ಉದ್ಯಾನ ಬೇರೆಯಲ್ಲ. ವಾಹನ ನಿಲ್ಲಿಸಲು ಜಾಗ, ಮಕ್ಕಳಿಗೆ ಜಾರುಬಂಡೆ, ತುದಿಯಲ್ಲೊಂದು ಕಾಫಿ ಅಂಗಡಿ, ಸೂರ್ಯಾಸ್ತ ನೋಡಲು ಕಟಕಟೆ: ಇಷ್ಟಿದ್ದರೆ ಬೆಟ್ಟ ಸಾರ್ಥಕ. ಹುಬ್ಬಳ್ಳಿಯ ನೃಪತುಂಗ ಬೆಟ್ಟ, ಮಡಿಕೇರಿಯ ರಾಜಾಸೀಟ್ ಇಂಥ ತಾಣಗಳು. ಊರಿನ ಉಸಿರಾಟಕ್ಕೆ ಅವು ಬೇಕು, ನಿಜ. ಆದರೆ ನಾಡಿನ ಬೆಟ್ಟಗಳೆಲ್ಲ ಉದ್ಯಾನವೇ ಆಗಬೇಕೆಂಬ ಹಟ ದುಬಾರಿ. ನಂದಿ ಬೆಟ್ಟದಲ್ಲಿ ಜನಸಂದಣಿ ತಡೆಯಲಾಗದೆ 2021ರ ಜುಲೈನಲ್ಲಿ ವಾರಾಂತ್ಯದ ಪ್ರವೇಶವನ್ನೇ ನಿರ್ಬಂಧಿಸಬೇಕಾಯಿತು. ಮರುತಿಂಗಳೇ ಮಳೆಗೆ ಗುಡ್ಡ ಕುಸಿದು ರಸ್ತೆ ಮುಚ್ಚಿತು. ಅದೇ ವರ್ಷ ಚಾಮುಂಡಿ ಬೆಟ್ಟದ ನಂದಿಯತ್ತ ಸಾಗುವ ರಸ್ತೆಯೂ ಕುಸಿಯಿತು.

ಈ ವಿಚಾರ ನನ್ನ ತಲೆ ಹೊಕ್ಕಿದ್ದು ಒಂದು ಪ್ರವಾಸದ ನೆಪದಲ್ಲಿ. ನಮ್ಮ ಬಡಾವಣೆಯ ಕೆಲವು ಕುಟುಂಬಗಳು ಚಳಿಗಾಲದ ರಜೆಯಲ್ಲಿ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳನ್ನು ಎರಡು ದಿನ ಸುತ್ತಿಬರಲು ನಿಶ್ಚಯಿಸಿವೆ. ನಿವೃತ್ತನಿಗೆ ಬೇರೇನು ಕೆಲಸವೆಂದು ಯೋಜನೆಯ ಹೊಣೆಯನ್ನು ನನಗೆ ಒಪ್ಪಿಸಿದ್ದಾರೆ. ಪಟ್ಟಿಯಲ್ಲಿ ಚಂದ್ರಗುತ್ತಿ ಬೆಟ್ಟದ ಹೆಸರು ಕಂಡಕೂಡಲೇ ಬಂದ ಮೊದಲ ಪ್ರಶ್ನೆ: ‘ಮೇಲೆ ಪಾರ್ಕ್ ಇದೆಯೇ ಸಾರ್?’

ಸೊರಬದಿಂದ ಸುಮಾರು 16 ಕಿ.ಮೀ. ದೂರದ ಈ ಬೆಟ್ಟದ ಎತ್ತರ ಸಮುದ್ರಮಟ್ಟದಿಂದ ಸುಮಾರು 850 ಮೀಟರ್. ಚಂದ್ರನನ್ನೇ ಮರೆಮಾಡುವಷ್ಟು ಎತ್ತರವಾದ್ದರಿಂದ ಚಂದ್ರಗುಪ್ತಿ ಎಂಬ ಹೆಸರು ಬಂತೆಂಬುದು ಜನರ ನಂಬಿಕೆ. ಆಡುಮಾತಿನಲ್ಲಿ ಅದು ಬರೀ ಗುತ್ತಿ. ಕದಂಬರ ಹೆಸರಿನೊಡನೆ ಬೆಸೆದುಕೊಂಡ ಇಲ್ಲಿಯ ಕೋಟೆ ಮುಂದೆ ವಿಜಯನಗರದ ಒಂದು ಪ್ರಾಂತ್ಯದ ಕೇಂದ್ರವಾಯಿತು; ಬಳಿಕ ಕೆಳದಿಯ ನಾಯಕರ ಕೈಸೇರಿತು. ಬೆಟ್ಟದಲ್ಲಿ ಸಹಜ ಗುಹೆಯೊಂದನ್ನೇ ಗರ್ಭಗುಡಿಯಾಗಿಸಿಕೊಂಡ ರೇಣುಕಾಂಬೆಯ ದೇವಾಲಯವಿದೆ. ಅದರಿಂದಾಚೆ ಕೋಟೆಗೆ ಏರುವವರಿಗೆ ಸಿಗುವುದು ಪಾಳುಗೋಡೆ, ಕೊಳ, ಗಾಳಿ ಮತ್ತು ದೃಷ್ಟಿ ಹರಿಯುವಷ್ಟು ದೂರದ ಮಲೆನಾಡಿನ ಹಸಿರು. ಹುಲ್ಲುಹಾಸು, ಉಯ್ಯಾಲೆಗಳ ನಿರೀಕ್ಷೆಯಲ್ಲಿ ಹೋದವರಿಗೆ ನಿರಾಸೆಯಾದೀತು.

ನನ್ನ ಯೋಜನೆಯಲ್ಲಿ ಬೆಟ್ಟಕ್ಕೆ ಎರಡನೆಯ ದಿನದ ಮುಂಜಾವು ಮೀಸಲು. ಮೊದಲ ದಿನ ಶಿಕಾರಿಪುರದ್ದು. ಕಾರಣ, ಗುತ್ತಿಯ ಬೆಟ್ಟ ಅರ್ಥವಾಗಬೇಕಾದರೆ ಮೊದಲು ಅದರ ನೆರೆಹೊರೆ ಅರ್ಥವಾಗಬೇಕು.

ಶಿಕಾರಿಪುರದ ಹುಚ್ಚರಾಯಸ್ವಾಮಿ ದೇವಾಲಯ ಮತ್ತು ಕೆರೆಯನ್ನು ನೋಡಿಕೊಂಡು ಹೊರಟರೆ ಉಡುತಡಿ. ಇದು ಅಕ್ಕಮಹಾದೇವಿಯ ಊರು. ಅದೇ ತಾಲ್ಲೂಕಿನ ಬಳ್ಳಿಗಾವಿ ಅಲ್ಲಮಪ್ರಭುವಿನ ಊರು. 12ನೆಯ ಶತಮಾನದ ಇಬ್ಬರು ಮಹಾನುಭಾವರು ಇಷ್ಟು ಹತ್ತಿರದ ನೆಲದಲ್ಲಿ ಹುಟ್ಟಿ, ದೂರದ ಕಲ್ಯಾಣದಲ್ಲಿ ಎದುರುಬದುರಾದರು. ಅರಮನೆಯನ್ನೂ ಉಟ್ಟ ಬಟ್ಟೆಯನ್ನೂ ತೊರೆದು ಬಂದವಳನ್ನು ಅಲ್ಲಮ ಸುಲಭವಾಗಿ ಒಳಗೆ ಬಿಟ್ಟುಕೊಳ್ಳಲಿಲ್ಲ. ಎಲ್ಲವನ್ನೂ ಬಿಟ್ಟವಳಿಗೆ ಮೈ ಮುಚ್ಚುವ ಕೂದಲೇಕೆ ಎಂದು ಪರೀಕ್ಷಿಸಿದನೆಂದು ‘ಶೂನ್ಯಸಂಪಾದನೆ’ ಚಿತ್ರಿಸುತ್ತದೆ. ಅಕ್ಕ ಆ ಪ್ರಶ್ನೆಗೆ ಅಳುಕದೆ ಉತ್ತರಿಸಿದಳು.

ಬಳ್ಳಿಗಾವಿಯಲ್ಲಿ ಕೇದಾರೇಶ್ವರ ಹಾಗೂ ತ್ರಿಪುರಾಂತಕ ದೇವಾಲಯಗಳಿವೆ. 1047ರಲ್ಲಿ ಚಾವುಂಡರಾಯನೆಂಬ ಅಧಿಕಾರಿ ನಿಲ್ಲಿಸಿದ ಗಂಡಭೇರುಂಡ ಸ್ತಂಭವಿದೆ. ಇಲ್ಲಿಯ ಕೋಡಿಯ ಮಠವನ್ನು ವರ್ಣಿಸುವ 1162ರ ಶಾಸನವನ್ನು ನಮ್ಮ ಆಡಳಿತಗಾರರು ಒಮ್ಮೆ ಓದಬೇಕು. ವೇದ, ವ್ಯಾಕರಣ, ದರ್ಶನಗಳ ಪಾಠ ನಡೆಯುತ್ತಿದ್ದ ಆ ಮಠದಲ್ಲಿ ದೀನರಿಗೆ, ಅಂಗವಿಕಲರಿಗೆ, ಕಲಾವಿದರಿಗೆ ಅನ್ನವೂ ರೋಗಿಗಳಿಗೆ ಔಷಧವೂ ಸಿಗುತ್ತಿದ್ದವೆಂದು ಅದು ಹೇಳುತ್ತದೆ. ಸಮೀಪದ ತಾಳಗುಂದದ ಪ್ರಣವೇಶ್ವರ ದೇವಾಲಯದ ಎದುರಿನ ಕಂಬದ ಮೇಲೆ ಕುಬ್ಜನೆಂಬ ಕವಿ ರಚಿಸಿದ 5ನೆಯ ಶತಮಾನದ ಸಂಸ್ಕೃತ ಶಾಸನವಿದೆ. ವಿದ್ಯೆ ಅರಸಿ ಕಂಚಿಗೆ ಹೋದ ಮಯೂರಶರ್ಮ ಅಲ್ಲಿ ಅವಮಾನಗೊಂಡು, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದ ಕಥೆಯನ್ನು ನಾವು ತಿಳಿದದ್ದು ಈ ಕಂಬದಿಂದಲೇ.

ಇಷ್ಟನ್ನು ನೋಡಿ ಗುತ್ತಿಗೆ ಬಂದವರಿಗೆ ಬೆಟ್ಟ ಇನ್ನೊಂದು ಪ್ರಶ್ನೆಯನ್ನು ಮುಂದಿಡುತ್ತದೆ. ನಮ್ಮ ಪ್ರವಾಸದ ತಂಡದಲ್ಲಿ ನಿಜವಾದ ಚರ್ಚೆ ಎದ್ದದ್ದೂ ಅಲ್ಲಿಯೇ.

ತಲೆ ಕಡಿಯಲು ಬೆನ್ನಟ್ಟಿದ ಮಗ ಪರಶುರಾಮನಿಂದ ತಪ್ಪಿಸಿಕೊಂಡು ಓಡುವಾಗ ರೇಣುಕೆಯ ಬಟ್ಟೆ ಕಳಚಿತು, ಅವಳು ಈ ಗುಹೆಯಲ್ಲಿ ಅಡಗಿದಳು ಎಂಬುದು ಸ್ಥಳಪುರಾಣ. ಆ ನಂಬಿಕೆಗೆ ತಳುಕು ಹಾಕಿಕೊಂಡು ಬೆತ್ತಲೆ ಸೇವೆ ನಡೆಯುತ್ತಿತ್ತು. ಜಾತ್ರೆಯ ಸಮಯದಲ್ಲಿ ಹರಕೆ ಹೊತ್ತವರು ವರದಾ ನದಿಯಲ್ಲಿ ಮಿಂದು ಬರಿಮೈಯಲ್ಲಿ ಗುಡಿಯವರೆಗೆ ನಡೆಯುತ್ತಿದ್ದರು. ಹಾಗೆ ನಡೆದವರಲ್ಲಿ ಹೆಚ್ಚಿನವರು ದಲಿತ ಮತ್ತು ಹಿಂದುಳಿದ ಸಮುದಾಯಗಳ ಬಡವರು. ಅವರಲ್ಲಿ ಹೆಣ್ಣುಮಕ್ಕಳು ಅನೇಕ. 1986ರ ಮಾರ್ಚ್‌ನಲ್ಲಿ ಇದನ್ನು ತಡೆಯಲು ದಲಿತ ಸಂಘರ್ಷ ಸಮಿತಿಯ ಕಾರ್ಯಕರ್ತರೂ ಪೊಲೀಸರೂ ಹೋದಾಗ ಗುಂಪು ಅವರ ಮೇಲೆರಗಿತು. ಮಹಿಳಾ ಪೊಲೀಸರನ್ನೂ ಬಿಡದೆ ಬಟ್ಟೆ ಕಿತ್ತು ಮೆರವಣಿಗೆ ಮಾಡಲಾಯಿತು. ನಾಡು ತಲ್ಲಣಿಸಿತು. ಸರ್ಕಾರ ಬೆತ್ತಲೆ ಸೇವೆಯನ್ನು ನಿಷೇಧಿಸಿತು. ಯು.ಆರ್. ಅನಂತಮೂರ್ತಿಯವರು ‘ಬೆತ್ತಲೆ ಪೂಜೆ ಯಾಕೆ ಕೂಡದು’ ಎಂಬ ಬರಹದಲ್ಲಿ, ಭಕ್ತರ ನಂಬಿಕೆಯನ್ನು ಮೂಢತನವೆಂದು ತಳ್ಳಿಹಾಕುವ ವಿದ್ಯಾವಂತರ ಆತ್ಮವಿಶ್ವಾಸವನ್ನೇ ಪ್ರಶ್ನೆಗೊಡ್ಡಿ ದೊಡ್ಡ ವಾಗ್ವಾದಕ್ಕೆ ಕಾರಣರಾದರು.

‘ಇದನ್ನೆಲ್ಲ ಮಕ್ಕಳಿಗೆ ಹೇಳುವುದು ಬೇಡ. ದರ್ಶನ ಮಾಡಿ, ಕೋಟೆ ಹತ್ತಿ ಇಳಿದುಬಿಡೋಣ’ ಎಂದರು ನಮ್ಮಲ್ಲಿನ ಹಿರಿಯ ತಾಯಿಯೊಬ್ಬರು. ಅವರ ಸಂಕೋಚ ನನಗೆ ಅರ್ಥವಾಗುತ್ತದೆ. ಈಗಲೂ ಭಕ್ತರು ನಡೆದುಕೊಳ್ಳುವ ದೇವಿಯ ಸನ್ನಿಧಿಯನ್ನು ಒಂದು ಕಹಿ ಪ್ರಕರಣದಿಂದ ಮಾತ್ರ ಅಳೆಯುವುದು ಅನ್ಯಾಯ. ಆದರೆ ನಮ್ಮ ಜೊತೆ ಬರುವವರು ಹೈಸ್ಕೂಲು, ಕಾಲೇಜು ಮೆಟ್ಟಿಲೇರಿದ ಮಕ್ಕಳು. ಉಡುತಡಿಯಲ್ಲಿ ಅಕ್ಕನ ದಿಟ್ಟತನವನ್ನು ಕೊಂಡಾಡಿ, ಮರುದಿನವೇ ಗುತ್ತಿಯಲ್ಲಿ ಬಾಯಿ ಮುಚ್ಚಿಕೊಂಡರೆ ಅವರಿಗೆ ನಾವು ಏನನ್ನು ಕಲಿಸಿದಂತಾಯಿತು? ಅಕ್ಕ ಬಟ್ಟೆ ತೊರೆದದ್ದು ತನ್ನ ನಿರ್ಧಾರದಿಂದ, ಅರಸನ ಅಧಿಕಾರವನ್ನು ಧಿಕ್ಕರಿಸಿ. ಗುತ್ತಿಯ ದಾರಿಯಲ್ಲಿ ನಡೆದ ಹೆಣ್ಣುಮಕ್ಕಳ ಬೆನ್ನಿಗೆ ಮನೆಯವರ ಹರಕೆ, ಕಾಯಿಲೆಯ ಭಯ, ಬಡತನ ಎಲ್ಲವೂ ಇದ್ದವು. ಸುತ್ತ ನೋಡಲು ನೆರೆದ ಜನರಿದ್ದರು. ಆಕೆಯ ಭಕ್ತಿ ಸುಳ್ಳೆಂದು ನಾನು ಹೇಳಲಾರೆ. ಬೇಡವೆನ್ನುವ ಸ್ವಾತಂತ್ರ್ಯ ಆಕೆಗಿತ್ತೇ ಎಂಬುದು ನನ್ನ ಪ್ರಶ್ನೆ. ಈ ಎರಡರ ನಡುವಿನ ಅಂತರವನ್ನು ವಿವೇಚಿಸಲು ಅಕ್ಕಪಕ್ಕದ ಈ ಎರಡು ತಾಲ್ಲೂಕುಗಳಿಗಿಂತ ಒಳ್ಳೆಯ ಪಾಠಶಾಲೆ ಎಲ್ಲಿದೆ? ಕೊನೆಗೆ ಆ ತಾಯಿಯೇ, ‘ಹೇಳುವುದಾದರೆ ಬೆಟ್ಟ ಹತ್ತುವ ಮೊದಲೇ ಹೇಳಿ. ಗುಡಿಯೊಳಗೆ ಪಿಸುಗುಟ್ಟುವುದು ಬೇಡ’ ಎಂದರು. ಆ ಮಾತನ್ನು ಯೋಜನೆಯಲ್ಲಿ ಸೇರಿಸಿಕೊಂಡಿದ್ದೇನೆ.

ಹೋಗಲಿಚ್ಛಿಸುವ ಓದುಗರಿಗೆ ಕೆಲವು ವ್ಯಾವಹಾರಿಕ ಮಾತುಗಳು. ಮಳೆಗಾಲದಲ್ಲಿ ಬಂಡೆ ಜಾರುತ್ತದೆ, ಬೇಸಿಗೆಯ ಮಧ್ಯಾಹ್ನ ಏರುವುದು ತ್ರಾಸ. ನವೆಂಬರಿನಿಂದ ಫೆಬ್ರವರಿಯ ಬೆಳಗು ಹಿತ. ಮಂಡಿನೋವಿನವರು ದೇವಾಲಯದವರೆಗೆ ಬಂದು ವಿಶ್ರಮಿಸಬಹುದು. ಕೋಟೆಯ ಏರು ಕಾಲು ಗಟ್ಟಿಯಿದ್ದವರಿಗೆ. ಕುಡಿಯುವ ನೀರನ್ನು ಕೆಳಗಿನಿಂದಲೇ ಒಯ್ಯಬೇಕು, ಖಾಲಿ ಬಾಟಲಿಯನ್ನು ಕೆಳಗೇ ತರಬೇಕು. ಇಳಿದ ಮೇಲೆ ಸೊರಬ ತಾಲ್ಲೂಕಿನದೇ ಗುಡವಿ ಪಕ್ಷಿಧಾಮವಿದೆ. ಒಂದು ಚದರ ಕಿ.ಮೀ.ಗೂ ಕಡಿಮೆ ವಿಸ್ತಾರದ ಈ ಕೆರೆಯಂಗಳದಲ್ಲಿ ಹಕ್ಕಿಗಳು ಗೂಡುಕಟ್ಟುವುದು ಮಳೆಗಾಲದಲ್ಲಿ. ಚಳಿಗಾಲದ ಆರಂಭದಲ್ಲಿ ಹೋದವರಿಗೂ ಒಂದಿಷ್ಟು ಕಂಡಾವು. ಸಮಯವಿದ್ದರೆ ಕದಂಬರ ರಾಜಧಾನಿ ಬನವಾಸಿಯೂ ದೂರವಲ್ಲ.

2023ರ ಫೆಬ್ರವರಿಯಲ್ಲಿ ಶಿವಮೊಗ್ಗದ ವಿಮಾನ ನಿಲ್ದಾಣ ಉದ್ಘಾಟನೆಗೊಂಡ ಮೇಲೆ ಈ ಸೀಮೆ ರಾಜಧಾನಿಗೆ ಇನ್ನಷ್ಟು ಹತ್ತಿರವಾಗಿದೆ. ಪ್ರವಾಸಿಗರು ಹೆಚ್ಚಿದಂತೆ ಬೆಟ್ಟವನ್ನು ‘ಅಭಿವೃದ್ಧಿ’ಪಡಿಸುವ ಉಮೇದೂ ಹೆಚ್ಚುವುದು ಸಹಜ. ಅಂಥ ದಿನ ಬಂದಾಗ ಸಂಬಂಧಪಟ್ಟವರು ಕಾಂಕ್ರೀಟು, ಬಣ್ಣದ ದೀಪ, ಕಾರಂಜಿಗಳಿಂದ ಆರಂಭಿಸದಿರಲಿ. ಬುಡದಲ್ಲಿ ಶುದ್ಧ ನೀರು ಮತ್ತು ಹೆಂಗಸರಿಗೆ ಬಾಗಿಲು ಭದ್ರವಾದ ಶೌಚಾಲಯ, ಏರುವ ದಾರಿಯಲ್ಲಿ ಗಟ್ಟಿ ಮೆಟ್ಟಿಲು, ಕೋಟೆಗೋಡೆಗೆ ಪರಿಣತರಿಂದ ದುರಸ್ತಿ: ಇವಿಷ್ಟು ಸಾಕು. ಅದರ ಜೊತೆಗೆ ಒಂದು ಫಲಕ ಬೇಕು. ಅದರಲ್ಲಿ ಕದಂಬರಿರಲಿ, ಕೆಳದಿಯವರಿರಲಿ, ರೇಣುಕೆಯ ಕಥೆಯಿರಲಿ. 1986 ಕೂಡ ಇರಲಿ, ಯಾರನ್ನೂ ಹೀಯಾಳಿಸದ ನಾಲ್ಕು ಸಾಲುಗಳಲ್ಲಿ. ಅಂದು ಅವಮಾನಕ್ಕೊಳಗಾದವರು ಅಷ್ಟನ್ನಾದರೂ ನಮ್ಮಿಂದ ನಿರೀಕ್ಷಿಸಬಹುದು.