ಶೇಕಡಾ ಲೆಕ್ಕಗಳು: ಯಾವುದರ ನೂರು?

ಶೇಕಡಾ ಎಂದರೆ ನೂರಕ್ಕೆ ಇಷ್ಟು ಎಂಬುದು ಮಾಧ್ಯಮಿಕ ಶಾಲೆಯ ಪ್ರತಿಯೊಬ್ಬ ವಿದ್ಯಾರ್ಥಿಗೂ ವಿದಿತವಾದ ಸಂಗತಿ. ಆದರೂ ಸ್ಪರ್ಧಾತ್ಮಕ ಪರೀಕ್ಷೆಗಳಲ್ಲಿ ಜಾಣರೆನಿಸಿಕೊಂಡವರೂ ಎಡವುವುದು ಈ ಭಾಗದಲ್ಲಿಯೇ. ಇದಕ್ಕೆ ಕಾರಣ ಗುಣಾಕಾರ, ಭಾಗಾಕಾರಗಳು ಬಾರದಿರುವುದಲ್ಲ. ‘ನೂರು’ ಎಂದೊಡನೆ ಅದು ಯಾವುದರ ನೂರು ಎಂದು ವಿಚಾರಿಸದಿರುವುದು.

ಈ ಬಗೆಯ ಗಣಿತ ಕನ್ನಡ ನಾಡಿಗೆ ಹೊಸದಲ್ಲ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷನ ಕಾಲದಲ್ಲಿ, ಕ್ರಿ.ಶ. 9ನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿ ನೂರಕ್ಕೆ ಇಂತಿಷ್ಟು ಬಡ್ಡಿ ಎಂಬ ಸಮಸ್ಯೆಗಳಿವೆ. 12ನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ಬರೆದನು.

2008ರಲ್ಲಿ ಆರಂಭವಾದ ಎನ್.ಎಂ.ಎಂ.ಎಸ್. ವಿದ್ಯಾರ್ಥಿವೇತನದ ಪರೀಕ್ಷೆಯನ್ನು ಎಂಟನೆಯ ತರಗತಿಯ ಬಡ ಮಕ್ಕಳಿಗಾಗಿ ಏರ್ಪಡಿಸಲಾಯಿತು. ಅದರ ಒಂದೊಂದು ಪತ್ರಿಕೆಯಲ್ಲಿ 90 ಪ್ರಶ್ನೆಗಳಿಗೆ 90 ನಿಮಿಷಗಳು. ಅಂದರೆ ಒಂದು ಪ್ರಶ್ನೆಗೆ ಒಂದೇ ನಿಮಿಷ. ಉತ್ತೀರ್ಣರಾಗಿ ಆಯ್ಕೆಯಾದವರಿಗೆ 2017ರಿಂದ ವರ್ಷಕ್ಕೆ 12,000 ರೂಪಾಯಿಗಳ ನೆರವು ದೊರೆಯತೊಡಗಿತು. ಕೂಲಿಕಾರನ ಮನೆಗೆ ಇದು ಅಲ್ಪ ಮೊತ್ತವಲ್ಲ. ಇಂತಹ ಪರೀಕ್ಷೆಯಲ್ಲಿ ಒಂದು ಲೆಕ್ಕದ ಹಾದಿ ತಪ್ಪಿದರೆ ಆಗುವ ಹಾನಿ ಕೇವಲ ಒಂದು ಅಂಕದ್ದಲ್ಲ.

ಒಂದು ಸಮಸ್ಯೆಯನ್ನು ಪರಿಶೀಲಿಸಬಹುದು. ವರ್ತಕನೊಬ್ಬನು ಕೊಂಡ ಬೆಲೆಯ ಮೇಲೆ ಶೇ. 50ರಷ್ಟು ಏರಿಸಿ ಬೆಲೆಯನ್ನು ನಮೂದಿಸುತ್ತಾನೆ. ಆ ಮೇಲೆ ಶೇ. 20 ಸೋಡಿಯನ್ನೂ, ಉಳಿದ ಬೆಲೆಯ ಮೇಲೆ ಶೇ. 10 ಸೋಡಿಯನ್ನೂ ಕೊಡುತ್ತಾನೆ. ಅವನಿಗೆ ದೊರೆತ ಲಾಭ 40 ರೂಪಾಯಿ. ಹಾಗಾದರೆ ಕೊಂಡ ಬೆಲೆ ಎಷ್ಟು?

ಅವಸರದ ವಿದ್ಯಾರ್ಥಿಯು 20 ಮತ್ತು 10ನ್ನು ಕೂಡಿಸಿ, 30ನ್ನು 50ರಿಂದ ಕಳೆದು, ಲಾಭ ಶೇ. 20 ಎಂದು ಭಾವಿಸಿ 200 ರೂಪಾಯಿ ಎಂಬ ಉತ್ತರಕ್ಕೆ ಬರುತ್ತಾನೆ. ಪ್ರಶ್ನೆಪತ್ರಿಕೆಯ ನಾಲ್ಕು ಉತ್ತರಗಳಲ್ಲಿ 200 ಎಂಬುದೂ ಇದ್ದರೆ ಆಶ್ಚರ್ಯವಿಲ್ಲ. ಸಹಜವಾಗಿ ಆಗುವ ತಪ್ಪುಗಳನ್ನು ಅರಿತೇ ಅಂತಹ ಉತ್ತರಗಳನ್ನು ಇಡಲಾಗುತ್ತದೆ. ಇಲ್ಲಿ ಮೂರು ಶೇಕಡಾಗಳಿದ್ದು ಮೂರಕ್ಕೂ ಬೇರೆ ಬೇರೆ ಮೂಲಗಳಿವೆ. ಆದುದರಿಂದ ಅವುಗಳನ್ನು ಕೂಡಿಸಲಾಗದು, ಕಳೆಯಲಾಗದು.

ಸರಿಯಾದ ಕ್ರಮವು ಹೀಗಿದೆ. ಕೊಂಡ ಬೆಲೆಯನ್ನು 100 ಎಂದು ಭಾವಿಸತಕ್ಕದ್ದು. ಆಗ ನಮೂದಿತ ಬೆಲೆ 150. ಅದರ ಶೇ. 20, ಎಂದರೆ 30 ಕಳೆದರೆ 120. ಈ 120ರ ಶೇ. 10, ಎಂದರೆ 12 ಕಳೆದರೆ ಮಾರಿದ ಬೆಲೆ 108. ಲಾಭವು ನೂರಕ್ಕೆ 8 ಮಾತ್ರ. 8 ರೂಪಾಯಿ ಲಾಭಕ್ಕೆ ಕೊಂಡ ಬೆಲೆ 100 ಆದರೆ, 40 ರೂಪಾಯಿ ಲಾಭಕ್ಕೆ 500. ತಾಳೆ ನೋಡಿದರೆ 500, 750, 600, 540, ಲಾಭ 40. ಉತ್ತರ ಸರಿಯಾಗಿದೆ.

ಇನ್ನು ಹಿಮ್ಮುಖವಾಗಿ ಸಾಗುವ ಲೆಕ್ಕಗಳು. ರೈತನೊಬ್ಬನು ಬೆಳೆದ ಜೋಳದಲ್ಲಿ ಶೇ. 20ನ್ನು ಮನೆಗೆ ಇರಿಸಿಕೊಂಡು, ಉಳಿದುದರಲ್ಲಿ ಶೇ. 25ನ್ನು ಸಾಲಕ್ಕೆ ಕೊಟ್ಟನು. ಆಗ 12 ಕ್ವಿಂಟಲ್ ಉಳಿಯಿತು. ಇಲ್ಲಿ ಶೇ. 45 ಖರ್ಚಾಯಿತೆನ್ನುವುದು ತಪ್ಪು. 100ರಲ್ಲಿ 20 ಹೋದರೆ 80. 80ರಲ್ಲಿ ಕಾಲು ಭಾಗ ಹೋದರೆ 60. ಈ 60 ಎಂಬುದು 12 ಕ್ವಿಂಟಲಿಗೆ ಸಮನಾದುದರಿಂದ ಒಟ್ಟು ಬೆಳೆ 20 ಕ್ವಿಂಟಲ್. ‘ಉಳಿದುದರಲ್ಲಿ’ ಎಂಬ ಒಂದೇ ಪದ ಇಲ್ಲಿ ಲೆಕ್ಕದ ಜೀವಾಳ. ಪ್ರಶ್ನೆಯನ್ನು ಓದುವಾಗ ಇಂತಹ ಪದಗಳ ಕೆಳಗೆ ಗೆರೆ ಎಳೆಯುವುದು ಒಳ್ಳೆಯ ಅಭ್ಯಾಸ.

ಏರಿಕೆ ಇಳಿಕೆಗಳ ವಿಷಯದಲ್ಲಿಯೂ ಇದೇ ನಿಯಮ. ಎಣ್ಣೆಯ ಬೆಲೆ ಶೇ. 25 ಏರಿದಾಗ ಖರ್ಚು ಹೆಚ್ಚದಿರಲು ಬಳಕೆಯನ್ನು ಶೇ. 25 ಅಲ್ಲ, ಶೇ. 20 ತಗ್ಗಿಸಿದರೆ ಸಾಕು. 100 ಎಂಬುದು 125 ಆಗಿದೆ. ಕಳೆಯಬೇಕಾದ 25 ಈಗ 125ರ ಐದನೆಯ ಒಂದು ಭಾಗ.

ಈ ಎಚ್ಚರ ಪರೀಕ್ಷಾ ಕೊಠಡಿಯೊಡನೆ ಮುಗಿಯುವುದಿಲ್ಲ. ಅಂಗಡಿಯ ಫಲಕದಲ್ಲಿ ಶೇ. 50ರ ಮೇಲೆ ಮತ್ತೆ ಶೇ. 20 ಸೋಡಿ ಎಂದಿದ್ದರೆ, ದೊರೆಯುವುದು 70 ಅಲ್ಲ, 60. ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿ ಎಂದು ಲೇವಾದೇವಿಗಾರನು ಹೇಳಿದರೆ ಅದು ವರ್ಷಕ್ಕೆ 36. ಯಾವುದರ ನೂರು, ಎಷ್ಟು ಕಾಲದ್ದು ಎಂದು ಕೇಳಬಲ್ಲ ಬಾಲಕನು ಪರೀಕ್ಷೆಯಲ್ಲಿ ಗೆಲ್ಲುವುದಷ್ಟೇ ಅಲ್ಲ, ತಂದೆಯು ಸಾಲಪತ್ರಕ್ಕೆ ಹೆಬ್ಬೆಟ್ಟು ಒತ್ತುವ ಮುನ್ನ ಅವನ ಕೈ ಹಿಡಿದು ತಡೆಯಬಲ್ಲನು.